ಕಾರಂತರ ಬಾಲವನಕ್ಕೆ ಒಂದು ದಿನ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಪುತ್ತೂರಿನ ಪರ್ಲಡ್ಕದಲ್ಲಿರುವ ಬಾಲವನ, ಕೋಟ ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಬಾಳಿ ದುಡಿದ ಜಾಗ. ಅವರ ಮನೆ, ನಾಟ್ಯಶಾಲೆ, ವಸ್ತುಸಂಗ್ರಹ ಎಲ್ಲವೂ ಆ ಮರಗಳ ನಡುವೆಯೇ ಇವೆ. ಅಲ್ಲಿಗೆ ಹೋಗಿಬರುವ ಬಗ್ಗೆ ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ.

ನಾವು ಐದು ಜನ, ಜೊತೆಗೆ 75 ದಾಟಿದ ಅತ್ತೆ. ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದೇ? ಕಾರು ಒಳ್ಳೆಯದೋ ಬಸ್ಸೋ? ಘಾಟಿಯಲ್ಲಿ ಅತ್ತೆಗೆ ವಾಂತಿಯಾಗುತ್ತದೆ. – ಓದುಗರು, ಮಡಿಕೇರಿ

ಧಾರಾಳವಾಗಿ ಬರಬಹುದು. ಮಡಿಕೇರಿಯಿಂದ ಸಂಪಾಜೆ, ಸುಳ್ಯ ಹಾದು ಪುತ್ತೂರಿಗೆ ಸುಮಾರು 85 ಕಿ.ಮೀ. ಕಾರಿನಲ್ಲಿ ಎರಡೂವರೆ ಗಂಟೆ ಹಿಡಿದುಕೊಳ್ಳಿ, ಬಸ್ಸಿಗೆ ಮೂರು. ವಿರಾಜಪೇಟೆ ಅಥವಾ ಕುಶಾಲನಗರದಿಂದ ಬರುವವರು ಇನ್ನೊಂದು ಗಂಟೆ ಸೇರಿಸಿಕೊಳ್ಳಬೇಕು.

ಏಳಕ್ಕೆ ಮನೆ ಬಿಟ್ಟರೆ ಸುಳ್ಯದಲ್ಲಿ ಕಾಲು ಗಂಟೆ ನಿಂತರೂ ಹತ್ತರ ಹೊತ್ತಿಗೆ ಬಾಲವನದ ಬಾಗಿಲಲ್ಲಿರುತ್ತೀರಿ. ಹತ್ತರಿಂದ ಹನ್ನೆರಡೂವರೆವರೆಗಿನ ಹೊತ್ತನ್ನು ಬೇರೆ ಯಾವುದಕ್ಕೂ ಕೊಡಬೇಡಿ. ಊಟ ಮುಗಿಸಿ ಎರಡೂವರೆಗೆ ಹೊರಟುಬಿಡಿ. ಈ ಕೊನೆಯ ಮಾತನ್ನು ಒತ್ತಿ ಹೇಳುತ್ತೇವೆ: ಸಂಪಾಜೆಯಿಂದ ಮೇಲೆ ಜೋಡುಪಾಲ, ಮದೆನಾಡು ಕಡೆ ಸಂಜೆಯಾಗುತ್ತಲೇ ಮಂಜು ಇಳಿಯುವುದುಂಟು. ಕತ್ತಲೂ ಮಂಜೂ ಕೂಡಿದರೆ ತಿರುವಿನಾಚೆ ಬರುವ ಲಾರಿ ಕಾಣುವುದೇ ಇಲ್ಲ. ಬೆಳಕಿರುವಾಗಲೇ ಘಾಟಿ ಹತ್ತಿ ಮುಗಿಸಬೇಕು.

ಇಳಿಯುವಾಗ ಕಾರನ್ನು ನ್ಯೂಟ್ರಲ್‌ಗೆ ಹಾಕಿ ಬಿಡುವವರಿದ್ದಾರೆ. ಅದು ಅಪಾಯ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿದರೆ ಇಂಜಿನ್ನೇ ವೇಗವನ್ನು ಹಿಡಿದಿಡುತ್ತದೆ. ಬ್ರೇಕನ್ನು ಒಂದೇ ಸಮ ಒತ್ತಿಕೊಂಡು ಬಂದರೆ ಪ್ಯಾಡು ಕಾದು ಸುಟ್ಟ ವಾಸನೆ ಬರುತ್ತದೆ, ಹಿಡಿತ ಸಡಿಲವಾಗುತ್ತದೆ. ಹಾಗಾದರೆ ಅಗಲ ಜಾಗ ನೋಡಿ ಇಪ್ಪತ್ತು ನಿಮಿಷ ನಿಲ್ಲಿಸಿ. ಕಾದ ಚಕ್ರಕ್ಕೆ ನೀರು ಸುರಿಯಬೇಡಿ, ಡಿಸ್ಕ್ ಡೊಂಕಾಗುತ್ತದೆ. ಹೋಗಿಬರುವ 170 ಕಿ.ಮೀ.ಗೆ, ಘಾಟಿಯ ಲೆಕ್ಕ ಹಿಡಿದು ಲೀಟರಿಗೆ 14 ಕಿ.ಮೀ. ಎಂದುಕೊಂಡರೆ, 12 ಲೀಟರ್ ಪೆಟ್ರೋಲ್ ಬೇಕು. ಮಡಿಕೇರಿಯಲ್ಲೇ ತುಂಬಿಸಿಕೊಳ್ಳಿ.

ನಿಮ್ಮ ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ದೇಹ ತಿರುಗುತ್ತಿರುವುದು ತಿಳಿಯುತ್ತದೆ, ಆದರೆ ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣಿಗೆ ಎಲ್ಲವೂ ನಿಂತಂತೆ ಕಾಣುತ್ತದೆ. ಈ ಎರಡರ ತಾಳ ತಪ್ಪಿದಾಗಲೇ ಹೊಟ್ಟೆ ತೊಳೆಸುವುದು. ದೂರದ ರಸ್ತೆಯನ್ನು ನೋಡುತ್ತಿದ್ದರೆ ಅರ್ಧ ತೊಂದರೆ ಕಡಿಮೆ. ಹೊರಡುವ ಮುಂಚೆ ಎರಡು ಇಡ್ಲಿ ಸಾಕು. ಬರಿಹೊಟ್ಟೆಯೂ ಬೇಡ, ಲೋಟ ತುಂಬ ಹಾಲುಕಾಫಿಯೂ ಬೇಡ. ವೈದ್ಯರು ಬರೆದುಕೊಟ್ಟ ಮಾತ್ರೆಯಿದ್ದರೆ ಮನೆಯಲ್ಲೇ, ಹೊರಡುವ ಅರ್ಧ ಗಂಟೆ ಮುಂಚೆ ಕೊಡಿ. ಘಾಟಿಯ ನಡುವೆ ಕೊಟ್ಟರೆ ಅದು ಕೆಲಸ ಮಾಡುವಷ್ಟರಲ್ಲಿ ಸಂಪಾಜೆ ಬಂದಿರುತ್ತದೆ.

ಬಟ್ಟೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ, ಪುತ್ತೂರು 100 ಮೀಟರಿನ ಆಸುಪಾಸು. ಸ್ವೆಟರ್ ಹಾಕಿ ಹೊರಟವರು ಸುಳ್ಯ ತಲುಪುವ ಹೊತ್ತಿಗೆ ಬೆವರುತ್ತಿರುತ್ತಾರೆ. ಒಳಗೆ ತೆಳು ಹತ್ತಿ ಬಟ್ಟೆ ಹಾಕಿಕೊಂಡು, ಸ್ವೆಟರನ್ನು ಬ್ಯಾಗಿಗೆ ಸೇರಿಸುವಂತೆ ಸಿದ್ಧರಾಗಿ.

ಬಸ್ಸಾದರೆ, ಮೈಸೂರು ಕಡೆಯಿಂದ ಮಡಿಕೇರಿ ಹಾದು ಮಂಗಳೂರಿಗೆ ಹೋಗುವ ಸಾರಿಗೆ ಬಸ್ಸುಗಳು ಪುತ್ತೂರು ನಿಲ್ದಾಣಕ್ಕೆ ಬರುತ್ತವೆ. ಅಲ್ಲಿಂದ ಬಾಲವನಕ್ಕೆ ಆಟೋ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಮಾತ್ರ. ರಾಜಹಂಸ, ಐರಾವತಗಳಲ್ಲಿ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ವಯಸ್ಸಾದವರಿದ್ದಾರೆ ಎಂದ ಮೇಲೆ, ಬೇಕಾದಲ್ಲಿ ನಿಲ್ಲಿಸಬಹುದಾದ ಕಾರೇ ಮೇಲು.

ಮೊಬೈಲ್ ಮ್ಯಾಪಿನಲ್ಲಿ ಕಾರಂತರ ಹೆಸರು ಹಾಕಿದರೆ ಮಂಗಳೂರು ತೋರಿಸುತ್ತದೆ. ಯಾವುದು ಸರಿ? – ಓದುಗರು, ನಾಪೋಕ್ಲು

ಅದು ಪಿಲಿಕುಳ. ಮಂಗಳೂರಿನ ಆ ನಿಸರ್ಗಧಾಮಕ್ಕೆ ಕಾರಂತರ ಹೆಸರಿಟ್ಟಿದ್ದಾರೆ. ಉಡುಪಿ ಜಿಲ್ಲೆಯ ಕೋಟತಟ್ಟಿನಲ್ಲಿರುವ ಕಾರಂತ ಥೀಮ್ ಪಾರ್ಕ್ ಕೂಡ ಬೇರೆಯೇ, ಅದು ಅವರ ಹುಟ್ಟೂರಿನ ಕಡೆಯದು. ನೀವು ‘ಬಾಲವನ, ಪರ್ಲಡ್ಕ, ಪುತ್ತೂರು’ ಎಂದೇ ಹಾಕಿ. ಆಂಧ್ರದಲ್ಲೂ ಪುತ್ತೂರಿದೆ, ದಕ್ಷಿಣ ಕನ್ನಡ ಎಂಬುದನ್ನು ನೋಡಿಕೊಳ್ಳಿ. ಘಾಟಿಯಲ್ಲಿ ಸಿಗ್ನಲ್ ಅಲ್ಲಲ್ಲಿ ಹೋಗುತ್ತದೆ, ಮನೆಯಲ್ಲೇ ದಾರಿಯನ್ನು ಇಳಿಸಿಟ್ಟುಕೊಳ್ಳಿ.

ಸೋಮವಾರಪೇಟೆಯಿಂದ ಬಿಸಿಲೆ ಘಾಟಿ ಇಳಿದು, ಕುಕ್ಕೆಯಲ್ಲಿ ಪೂಜೆ ಮುಗಿಸಿ, ಬಾಲವನ ನೋಡಿ, ಸಂಪಾಜೆ ಮೇಲೆ ವಾಪಸ್ ಬರುವ ಯೋಚನೆ. ಆಗುತ್ತದೆಯೇ? – ಓದುಗರು, ಶಾಂತಳ್ಳಿ

ದಾರಿಯೇನೋ ಇದೆ. ಸುಬ್ರಹ್ಮಣ್ಯದಿಂದ ಕಾಣಿಯೂರು, ಸವಣೂರು ಹಾದು ಪುತ್ತೂರು ಸೇರಬಹುದು. ಆದರೆ ಒಂದೇ ದಿನಕ್ಕೆ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕುಕ್ಕೆಯ ಸಾಲು ಎಷ್ಟು ಹೊತ್ತು ಹಿಡಿಯುತ್ತದೆಂದು ಯಾರ ಕೈಯಲ್ಲೂ ಇಲ್ಲ. ರಜೆಯ ದಿನ, ಷಷ್ಠಿಯ ದಿನವಂತೂ ಕೇಳುವುದೇ ಬೇಡ. ಅಲ್ಲಿ ಜಾರಿದ ಎರಡು ಗಂಟೆಯನ್ನು ನೀವು ಕಡಿತ ಮಾಡುವುದು ಬಾಲವನದಿಂದಲೇ. ನಾಲ್ಕು ಗಂಟೆಗೆ ಓಡಿಬಂದು, ಚಪ್ಪಲಿ ಬಿಟ್ಟು, ಫೋಟೊ ತೆಗೆದು, ಹೊರಟುಬಿಡುತ್ತೀರಿ. ಅದಕ್ಕಾಗಿ ಅಷ್ಟು ದೂರ ಬರಬೇಕಾಗಿಲ್ಲ. ಎರಡನ್ನೂ ನೋಡಲೇಬೇಕಿದ್ದರೆ ಸುಬ್ರಹ್ಮಣ್ಯದಲ್ಲಿ ರಾತ್ರಿ ತಂಗಿ.

ಪುತ್ತೂರಿನೊಳಗೆ ಒಂದನ್ನು ಸೇರಿಸಿಕೊಳ್ಳುವುದಾದರೆ ಮಹಾಲಿಂಗೇಶ್ವರ ದೇವಸ್ಥಾನ ಸಾಕು. ಏಪ್ರಿಲ್ ನಡುವೆ ಅಲ್ಲಿ ಜಾತ್ರೆ. ಆಗ ಪೇಟೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದು.

ಯಾವ ತಿಂಗಳು ಒಳ್ಳೆಯದು? ನಮಗೆ ಕಾಫಿ ಕುಯ್ಲಿನ ಸಮಯದಲ್ಲಿ ಬಿಡುವಿಲ್ಲ. – ಬೆಳೆಗಾರರು, ಸುಂಟಿಕೊಪ್ಪ

ಹಾಗಾದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ಮಳೆ ಹಿಂದಾಗಿರುತ್ತದೆ, ಅರೇಬಿಕಾ ಕುಯ್ಲು ಬಿರುಸಾಗಿರುವುದಿಲ್ಲ, ಕರಾವಳಿಯ ಸೆಕೆಯೂ ತಡೆಯುವಷ್ಟಿರುತ್ತದೆ. ಮಾರ್ಚಿನಿಂದ ಮೇವರೆಗೆ ಪುತ್ತೂರಿನ ಮಧ್ಯಾಹ್ನ ಬೆಟ್ಟದವರಿಗೆ ಕಷ್ಟ.

ಜೂನ್‌ನಿಂದ ಆಗಸ್ಟ್‌ವರೆಗೆ ಊರು ನೋಡುವ ಪ್ರವಾಸಕ್ಕೆ ಸಂಪಾಜೆ ಘಾಟಿಯನ್ನು ಬಳಸಬೇಡಿ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಕುಸಿದು ರಸ್ತೆಯೇ ಕೊಚ್ಚಿಹೋದದ್ದನ್ನು ಕೊಡಗಿನವರಿಗೆ ನೆನಪಿಸಬೇಕಾಗಿಲ್ಲ. ನೀರು ಕುಡಿದು ಭಾರವಾದ ಮಣ್ಣು ಕೆಳಗಿನ ಬಂಡೆಯ ಮೇಲಿಂದ ಜಾರುತ್ತದೆ. ಮಳೆ ನಿಂತ ಮರುದಿನವೂ ಜಾರಬಹುದು, ಆದ್ದರಿಂದ ‘ಇವತ್ತು ಬಿಸಿಲಿದೆ’ ಎಂಬುದು ಆಧಾರವಲ್ಲ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು. ಆ ದಿನದ ಸುಮಾರಿಗೆ ಬಾಲವನದಲ್ಲಿ ಕಾರ್ಯಕ್ರಮವಿರುತ್ತದೆ. ಭಾಷಣ, ಪ್ರಶಸ್ತಿ ಪ್ರದಾನ ಬೇಕೆನ್ನುವವರಿಗೆ ಒಳ್ಳೆಯ ದಿನ, ಮನೆಯನ್ನು ನೆಮ್ಮದಿಯಾಗಿ ನೋಡಬೇಕೆನ್ನುವವರಿಗೆ ಅಲ್ಲ. ಅದರ ಹಿಂದುಮುಂದೆಯೇ ಮಡಿಕೇರಿ ದಸರಾ ಬರುತ್ತದೆ. ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಡುವ ದಶಮಂಟಪದ ರಾತ್ರಿ ಮತ್ತು ಮರುದಿನ ಬೆಳಿಗ್ಗೆ ಪೇಟೆ ದಾಟುವುದೇ ದೊಡ್ಡ ಕೆಲಸ. ತಲಕಾವೇರಿಗೆ ಜನ ಸೇರುವ ತುಲಾ ಸಂಕ್ರಮಣದ ಎರಡು ದಿನವನ್ನೂ ಬಿಡಿ.

ಬಾಲವನ ಸರ್ಕಾರದ ಸುಪರ್ದಿಯಲ್ಲಿರುವ ಜಾಗ. ಸರ್ಕಾರಿ ರಜೆ, ದುರಸ್ತಿ, ಶಿಬಿರ ಹೀಗೆ ಬಾಗಿಲು ಮುಚ್ಚಲು ಕಾರಣ ಹಲವು. ಹಿಂದಿನ ದಿನ ಫೋನ್ ಮಾಡಿ ಎರಡು ಪ್ರಶ್ನೆಯನ್ನು ಬೇರೆಬೇರೆಯಾಗಿ ಕೇಳಿ: ‘ಆವರಣ ತೆರೆದಿರುತ್ತದೆಯೇ?’, ‘ಕಾರಂತರ ಮನೆಯ ಒಳಗೆ ಬಿಡುತ್ತೀರಾ?’ ಮೊದಲನೆಯದಕ್ಕೆ ಹೌದೆಂದರೆ ಎರಡನೆಯದಕ್ಕೂ ಹೌದೆಂದು ಅರ್ಥವಲ್ಲ.

ಹೋಗಿಬಂದ ನೆಂಟರು ‘ಅಲ್ಲೇನಿದೆ, ಹಳೇ ಮನೆ, ಗೋಡೆ ತುಂಬ ಫೋಟೊ’ ಎಂದರು. ನಿಜವೇ? ಏನನ್ನು ನೋಡಬೇಕು? – ಓದುಗರು, ಗೋಣಿಕೊಪ್ಪ

ಸಿದ್ಧತೆಯಿಲ್ಲದೆ ಹೋದವರಿಗೆ ಹಾಗೆಯೇ ಕಾಣುತ್ತದೆ. ಅರಮನೆಯಲ್ಲಿ ವಸ್ತುವೇ ನಮ್ಮನ್ನು ಕರೆದು ನಿಲ್ಲಿಸುತ್ತದೆ. ಕಲಾವಿದನೊಬ್ಬನ ಮನೆಯಲ್ಲಿ ಹಾಗಲ್ಲ, ಅಲ್ಲಿ ಏನು ನಡೆಯಿತೆಂದು ಗೊತ್ತಿದ್ದವರಿಗಷ್ಟೇ ಅದು ತುಂಬಿದ ಮನೆ.

ಗೊತ್ತಿರಬೇಕಾದ್ದು ಇಷ್ಟು. ಕಾರಂತರು ಕಾದಂಬರಿಕಾರರು ಎಂದಷ್ಟೇ ತಿಳಿದು ಹೋದರೆ ಬಾಲವನದ ಅರ್ಧ ತಪ್ಪಿಹೋಗುತ್ತದೆ. ಆ ಜಾಗ ಹುಟ್ಟಿದ್ದೇ ಮಕ್ಕಳಿಗಾಗಿ. ಪಾಠವನ್ನು ಬಾಯಿಪಾಠದಿಂದ ಬಿಡಿಸಿ ಆಟ, ಕುಣಿತ, ಕೈಕೆಲಸ, ತಿರುಗಾಟಗಳ ಮೂಲಕ ಕಲಿಸಬೇಕೆಂಬ ಹಟ ಅವರದು. ಮಕ್ಕಳಿಗೆ ಲೋಕವನ್ನು ತೋರಿಸುವ ‘ಬಾಲಪ್ರಪಂಚ’ದ ಮೂರು ಸಂಪುಟಗಳು 1936ರ ಹೊತ್ತಿಗೆ ಬಂದವು. ಕನ್ನಡದಲ್ಲಿ ಅಂಥದ್ದೊಂದನ್ನು ಒಬ್ಬರೇ ಕೂತು ಬರೆಯಬಹುದೆಂದು ಬೇರೆ ಯಾರೂ ಯೋಚಿಸಿಯೂ ಇರಲಿಲ್ಲವೇನೋ. ಸ್ವಂತ ಮುದ್ರಣಾಲಯ ನಡೆಸಿದರು, ಹರ್ಷ ಪ್ರಕಟಣಾಲಯದ ಹೆಸರಿನಲ್ಲಿ ತಮ್ಮ ಪುಸ್ತಕ ತಾವೇ ಪ್ರಕಟಿಸಿದರು. ಚಿತ್ರ ಬರೆದರು, ಮೂಕಿ ಸಿನಿಮಾ ಮಾಡಿದರು, ಯಕ್ಷಗಾನದ ಹೆಜ್ಜೆ, ವೇಷ, ಬಣ್ಣ, ರಾಗಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1977ರ ಜ್ಞಾನಪೀಠ ತಂದ ‘ಮೂಕಜ್ಜಿಯ ಕನಸುಗಳು’ ಕೂಡ ಪುತ್ತೂರಿನ ವರ್ಷಗಳದ್ದೇ.

ಆದ್ದರಿಂದ ಮೊದಲು ನಾಟ್ಯಶಾಲೆಗೆ ಹೋಗಿ, ಮನೆಗೆ ಆಮೇಲೆ. ಬರೆಯುವ ಮೇಜಿಗಿಂತ ಕುಣಿಯುವ ನೆಲವನ್ನು ಮೊದಲು ಕಂಡರೆ ಈ ಮನುಷ್ಯ ಬೇರೆಯಾಗಿ ತಿಳಿಯುತ್ತಾರೆ. ರಂಗದ ಮುಂದೆ ನಿಂತು ಒಂದು ಚಪ್ಪಾಳೆ ತಟ್ಟಿ ದನಿ ಹೇಗೆ ಮರಳುತ್ತದೆಂದು ಕೇಳಿ. ಮನೆಯಲ್ಲಿ ಕಿಟಕಿಗಳು ಯಾವ ದಿಕ್ಕಿಗಿವೆ, ಗಾಳಿ ಎಲ್ಲಿಂದ ಬರುತ್ತದೆ, ಮರಗಳಿಗೂ ಗೋಡೆಗೂ ಎಷ್ಟು ಅಂತರ ಎಂದು ನೋಡಿ. ಫೋಟೊಗಳ ಮುಂದೆ ಸಾಲಾಗಿ ನಡೆಯುವ ಬದಲು ಯಕ್ಷಗಾನದವನ್ನು ಹುಡುಕಿ ಕಿರೀಟ, ಮುಖವರ್ಣಿಕೆಗಳನ್ನು ಹೋಲಿಸಿ. ಫ್ಲ್ಯಾಶ್ ಹಾಕಬೇಡಿ; ಹಳೆಯ ಬಣ್ಣ, ಕಾಗದಗಳಿಗೆ ಬಿದ್ದ ಬೆಳಕಿನ ಹಾನಿ ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ, ಅದನ್ನು ಸರಿಪಡಿಸಲಾಗದು.

ಹೋಗುವ ಮುಂಚೆ ಒಂದೇ ಪುಸ್ತಕ ಓದಲು ಹೊತ್ತಿದ್ದರೆ, ಕೊಡಗಿನವರಿಗೆ ನಮ್ಮ ಆಯ್ಕೆ 1943ರ ‘ಬೆಟ್ಟದ ಜೀವ’. ಕಥೆ ನಡೆಯುವುದು ಕುಮಾರಪರ್ವತದ ಆಚೆ ಮಗ್ಗುಲಿನ ಕಾಡಿನಲ್ಲಿ. ಆ ಬೆಟ್ಟದ 1,712 ಮೀಟರ್ ಎತ್ತರದ ತುದಿ ಸೋಮವಾರಪೇಟೆ ಕಡೆಯದು. ಸುಳ್ಯ, ಪುತ್ತೂರು ಸೀಮೆಯೂ 1834ರವರೆಗೆ ಕೊಡಗಿನ ಅರಸರ ಕೈಯಲ್ಲೇ ಇತ್ತು. ಸಂಪಾಜೆಯ ಗೇಟು ದಾಟಿದ ಮೇಲೂ ಕೊಡಗಿನ ಗೌಡರಾಡುವ ಅರೆಭಾಷೆ ಕಿವಿಗೆ ಬೀಳುತ್ತಿರುತ್ತದೆ. ಪರಊರಿಗೆ ಹೋಗುತ್ತಿದ್ದೇವೆ ಎಂದುಕೊಳ್ಳಬೇಕಾಗಿಲ್ಲ.

ಆರು ಮತ್ತು ಏಳನೇ ತರಗತಿಯ 45 ಮಕ್ಕಳನ್ನು ಕರೆದೊಯ್ಯಬೇಕು. ಹೇಗೆ ಯೋಜಿಸಲಿ? – ಶಿಕ್ಷಕಿ, ಕುಶಾಲನಗರ ಬಳಿ

ಇಲಾಖೆಯ ಅನುಮತಿ, ಪೋಷಕರ ಸಹಿಯಿರುವ ಒಪ್ಪಿಗೆ ಪತ್ರ ಮೊದಲು. ಬಾಲವನಕ್ಕೆ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಹದಿನೈದು ದಿನ ಮುಂಚೆ ಬರೆದು, ಮಕ್ಕಳ ಸಂಖ್ಯೆ, ತಲುಪುವ ಹೊತ್ತು ತಿಳಿಸಿ.

45 ಮಕ್ಕಳನ್ನು ಒಟ್ಟಿಗೆ ಮನೆಯೊಳಗೆ ಬಿಟ್ಟರೆ ಹಿಂದಿನವರಿಗೆ ಮುಂದಿನವರ ಬೆನ್ನಷ್ಟೇ ಕಾಣುವುದು, ಗಲಾಟೆ ಶುರುವಾಗುವುದೂ ಅಲ್ಲಿಂದಲೇ. 15ರ ಮೂರು ಗುಂಪು ಮಾಡಿ. ಒಂದು ಮನೆಯಲ್ಲಿ, ಒಂದು ನಾಟ್ಯಶಾಲೆಯಲ್ಲಿ, ಒಂದು ಮರಗಳ ಕೆಳಗೆ. ಅರ್ಧ ಗಂಟೆಗೊಮ್ಮೆ ಬದಲಿ. ಗುಂಪಿಗೊಬ್ಬರಂತೆ ಶಿಕ್ಷಕರು, ಬಸ್ಸಿನ ಬಳಿ ಇನ್ನೊಬ್ಬರು. ಆವರಣದಲ್ಲಿ ಈಜುಕೊಳವಿದೆ. ಅತ್ತ ಯಾವ ಮಗುವೂ ಒಬ್ಬಂಟಿಯಾಗಿ ಹೋಗದಂತೆ ಒಬ್ಬರನ್ನು ಅದಕ್ಕೆಂದೇ ನಿಲ್ಲಿಸಿ.

ಪ್ರಶ್ನೋತ್ತರದ ಹಾಳೆ ಕೊಡಬೇಡಿ, ಮಕ್ಕಳು ಇಸವಿಗಳನ್ನು ನಕಲು ಮಾಡುತ್ತಾ ಕೂರುತ್ತಾರೆ. ಬಿಳಿ ಹಾಳೆ, ಪೆನ್ಸಿಲ್, ರಟ್ಟು ಕೊಟ್ಟು ಕಂಡದ್ದರಲ್ಲಿ ಒಂದರ ಚಿತ್ರ ಬರೆಯಲು ಹೇಳಿ: ಬಾಗಿಲಾಗಲಿ, ಮರವಾಗಲಿ, ಕಿರೀಟವಾಗಲಿ. ಪೆನ್ನು ಬೇಡ, ಶಾಯಿ ಎಲ್ಲಿಗಾದರೂ ತಗಲುತ್ತದೆ. ಹಿಂದಿನ ವಾರ ತರಗತಿಯಲ್ಲಿ ‘ಬಾಲಪ್ರಪಂಚ’ದ ಎರಡು ಪುಟ ಗಟ್ಟಿಯಾಗಿ ಓದಿಸಿ. ತಲಾ ಒಂದು ಲೀಟರ್ ನೀರು, ವಾಂತಿಗೆ ಕಾಗದದ ಚೀಲ, ಒಂದು ಜೊತೆ ಬಟ್ಟೆ ಇರಲಿ. ಕುಶಾಲನಗರದಿಂದ ಬೆಳಿಗ್ಗೆ ಆರಕ್ಕೆ ಹೊರಡದಿದ್ದರೆ ಈ ಯೋಜನೆ ಕೂಡಿಬರುವುದಿಲ್ಲ. ಸನ್ನಿಸೈಡನ್ನೂ ಅದೇ ದಿನಕ್ಕೆ ತುರುಕಬೇಡಿ. ಜನರಲ್ ತಿಮ್ಮಯ್ಯನವರ ಆ ಮನೆ ಮಡಿಕೇರಿಯಲ್ಲೇ ಇದೆ, 2021ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಇನ್ನೊಂದು ಶನಿವಾರಕ್ಕೆ ಇಟ್ಟುಕೊಳ್ಳಿ.

ನಮ್ಮ ತಾತನಿಗೆ ಕಾರಂತರು ಬರೆದ ಅಂಚೆ ಕಾರ್ಡು ಮನೆಯಲ್ಲಿದೆ. ಹೋಗುವಾಗ ಬಾಲವನಕ್ಕೆ ಕೊಟ್ಟುಬರಲೇ? – ಓದುಗರು, ಭಾಗಮಂಡಲ

ಕೊಡುವ ಮನಸ್ಸು ದೊಡ್ಡದು. ಆದರೆ ಅಂದೇ, ಎದುರಿಗೆ ಸಿಕ್ಕವರ ಕೈಗೆ ಕೊಟ್ಟು ಬರಬೇಡಿ. ಮೊದಲು ಎರಡೂ ಬದಿಯ ಫೋಟೊ ತೆಗೆದು, ಯಾರಿಗೆ, ಯಾವ ಇಸವಿಯಲ್ಲಿ, ಯಾವ ಸಂದರ್ಭಕ್ಕೆ ಬರೆದದ್ದು ಎಂದು ಮನೆಯ ಹಿರಿಯರಿಂದ ಕೇಳಿ ಬರೆದಿಡಿ. ಆ ಪ್ರತಿಯೊಂದಿಗೆ ಪತ್ರ ಬರೆಯಿರಿ. ಸ್ವೀಕರಿಸುವುದಾದರೆ ದಾಖಲೆ ಪುಸ್ತಕದ ಸಂಖ್ಯೆ, ಅಧಿಕಾರಿಯ ಸಹಿ, ಮೊಹರು ಇರುವ ರಸೀದಿ ಕೊಡಬೇಕೆಂದು ಕೇಳಿ. ಸಂಖ್ಯೆಯಿಲ್ಲದ ವಸ್ತು ಕಳೆದರೆ ಕಳೆದದ್ದೂ ಗೊತ್ತಾಗುವುದಿಲ್ಲ.

ಅಲ್ಲಿಯವರೆಗೆ ಭಾಗಮಂಡಲದ ತೇವವೇ ನಿಮ್ಮ ಶತ್ರು. ಲ್ಯಾಮಿನೇಶನ್ ಬೇಡವೇ ಬೇಡ. ಬಿಸಿಗೆ ಶಾಯಿ ಹಾಳಾಗುತ್ತದೆ, ಒಮ್ಮೆ ಅಂಟಿದ್ದನ್ನು ಬಿಡಿಸಲಾಗದು. ಸೆಲ್ಲೋಟೇಪ್ ಕಾಲಕ್ರಮದಲ್ಲಿ ಕಂದಾಗಿ ಕಲೆ ಬಿಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿರುತ್ತದೆಂದು ಇಡುವವರಿದ್ದಾರೆ, ಆದರೆ ಹೊಗೆಯ ಆಮ್ಲ ಕಾಗದವನ್ನು ಮುರುಕಲು ಮಾಡುತ್ತದೆ. ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ಹೊರಗೋಡೆಗೆ ತಾಗದ ಬೀರುವಿನಲ್ಲಿಡಿ. ಬಣ್ಣ ಬದಲಾಗುವ ಜಾತಿಯ ಜೆಲ್ ತಂದರೆ ಅದು ತೇವ ಹೀರಿ ತುಂಬಿದ್ದು ಕಣ್ಣಿಗೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ ಬದಲಿಸಿ. ಬೂಷ್ಟು ಕಂಡರೆ ಒರೆಸಬೇಡಿ, ಬಿಸಿಲಿಗೂ ಇಡಬೇಡಿ. ನೆರಳಲ್ಲಿ, ಗಾಳಿಯಾಡುವ ಕಡೆ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಮೆತ್ತನೆಯ ಒಣ ಕುಂಚದಿಂದ ಮನೆಯ ಹೊರಗೆ ನಿಂತು ಕೊಡವಿ.