ಹಣವಿಲ್ಲದಿದ್ದರೂ ಲೆಕ್ಕ ಸಲ್ಲಿಸಿ

ತೆರಿಗೆ ವಿರೋಧಿಸಿ ಹುಟ್ಟಿದ ಅಮೆರಿಕದಲ್ಲಿ ನಾಗರಿಕರು ಏಕೆ ತೆರಿಗೆ ಕಟ್ಟುತ್ತಾರೆ, ಕಟ್ಟದಿದ್ದರೆ ಏನಾಗುತ್ತದೆ ಎಂದು ಕೇಳಿದ್ದೀರಿ. ಎರಡನೆಯ ಭಾಗ ಓದುತ್ತಿದ್ದಂತೆ ನನ್ನ ಎದೆ ಧಸಕ್ಕೆಂದಿತು. 2010ರ ಏಪ್ರಿಲ್‌ನಲ್ಲಿ ನಾನೂ ಇದನ್ನೇ ಕೇಳಿದ್ದೆ, ನನಗೆ ಬೇಕಾಗಿದ್ದ ಉತ್ತರ ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸಿದ್ದೆ.

ಆಗ ನಾನು ಬಾಸ್ಟನ್ ಸಮೀಪದಲ್ಲಿದ್ದೆ. ಗ್ರೀನ್ ಕಾರ್ಡ್ ಬಂದು ಮೂರು ವರ್ಷವಾಗಿತ್ತು. 2008ರ ಕೊನೆಯಲ್ಲಿ ಕೆಲಸ ಹೋದ ಮೇಲೆ ಸ್ವತಂತ್ರವಾಗಿ ಸಾಫ್ಟ್‌ವೇರ್ ಕೆಲಸ ಹಿಡಿದೆ. ಸಂಬಳದಲ್ಲಿದ್ದಾಗ ತೆರಿಗೆ ಎಂಬುದು ಕೈಗೆ ಬರುವ ಮೊದಲೇ ಕಡಿತವಾಗಿರುತ್ತಿತ್ತು. ಈಗ ಚೆಕ್ ಇಡಿಯಾಗಿ ಬರತೊಡಗಿತು. ಇಡಿಯಾಗಿ ಬಂದದ್ದೆಲ್ಲ ನನ್ನದೇ ಎಂದುಕೊಂಡೆ. ಮನೆಯ ಸಾಲದ ಕಂತು, ಊರಿನಲ್ಲಿ ಅಪ್ಪನ ಹೃದಯದ ಶಸ್ತ್ರಚಿಕಿತ್ಸೆ, ಎಲ್ಲವೂ ಅದರಲ್ಲೇ ಹೋಯಿತು. ಸ್ವಂತ ದುಡಿಮೆಯವರು ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ ಎಂದು ವರ್ಷಕ್ಕೆ ನಾಲ್ಕು ಬಾರಿ ಅಂದಾಜು ತೆರಿಗೆ ಕಟ್ಟಬೇಕು. ಆದಾಯ ತೆರಿಗೆಯಲ್ಲದೆ, ದುಡಿಮೆಯ ಲಾಭದ ಮೇಲೆ ಸ್ವಉದ್ಯೋಗ ತೆರಿಗೆ ಶೇ 15.3 ಬೇರೆ. ಒಂದನ್ನೂ ಕಟ್ಟಿರಲಿಲ್ಲ. ಏಪ್ರಿಲ್‌ನಲ್ಲಿ ಲೆಕ್ಕ ಹಾಕಿದಾಗ ಬಾಕಿ 18,000 ಡಾಲರ್. ಖಾತೆಯಲ್ಲಿ ಎರಡು ಸಾವಿರವೂ ಇರಲಿಲ್ಲ.

ನಾನು ಮೇಜು ಬಾಡಿಗೆಗೆ ಹಿಡಿದಿದ್ದ ಕಚೇರಿಯಲ್ಲಿ ಒಬ್ಬ ಹಿರಿಯನಿದ್ದ. ‘ಈ ದೇಶದಲ್ಲಿ ಆದಾಯ ತೆರಿಗೆ ಸ್ವಯಂಪ್ರೇರಿತ, ಸರ್ಕಾರವೇ ಹಾಗೆ ಹೇಳುತ್ತದೆ. ಚಹಾ ಕಡಲಿಗೆ ಎಸೆದವರ ದೇಶ ಇದು’ ಎಂದ. ಆ ಮಾತು ನನಗೆ ಬೇಗ ನಾಟಲು ಕಾರಣವಿತ್ತು. ನಾನು ಅಂಕೋಲಾ ಕಡೆಯವನು. 1930ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಬ್ರಿಟಿಷರಿಗೆ ಕಂದಾಯ ಕೊಡದೆ ಗದ್ದೆ ಕಳೆದುಕೊಂಡ ಮನೆಗಳಲ್ಲಿ ನಮ್ಮದೂ ಒಂದು. ಆ ಕಥೆ ಕೇಳಿಯೇ ಬೆಳೆದವನು.

ಈಗ ನನ್ನ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ. ಹಣ ಕಟ್ಟದೆ ಇದ್ದದ್ದು ನನ್ನನ್ನು ಮುಳುಗಿಸಲಿಲ್ಲ. ಹಣವಿಲ್ಲವೆಂದು ವರ್ಷದ ತೆರಿಗೆ ಲೆಕ್ಕಪತ್ರವನ್ನೇ, ಅಂದರೆ ರಿಟರ್ನ್ ಅನ್ನೇ, ಸಲ್ಲಿಸದೆ ಉಳಿದದ್ದು ಮುಳುಗಿಸಿತು. ಇವು ಎರಡು ಬೇರೆ ಬೇರೆ ತಪ್ಪುಗಳು, ದಂಡವೂ ಬೇರೆ. ರಿಟರ್ನ್ ಸಲ್ಲಿಸಿ ಹಣ ಕಟ್ಟದಿದ್ದರೆ ಬಾಕಿಯ ಮೇಲೆ ತಿಂಗಳಿಗೆ ಶೇ 0.5 ದಂಡ. ರಿಟರ್ನ್ ಸಲ್ಲಿಸದೆ, ಹಣವನ್ನೂ ಕಟ್ಟದೆ ಕುಳಿತರೆ ಎರಡೂ ಸೇರಿ ತಿಂಗಳಿಗೆ ಶೇ 5. ಐದೇ ತಿಂಗಳಲ್ಲಿ ಶೇ 25. ನನ್ನ 18,000ಕ್ಕೆ ಅದು 4,500 ಡಾಲರ್ ಆಯಿತು. ಏಪ್ರಿಲ್ 15ರೊಳಗೆ ಸಲ್ಲಿಸಿ, ‘ಈಗ ಹಣವಿಲ್ಲ’ ಎಂದು ಕಂತು ಕೇಳಿದ್ದರೆ ಅದೇ ಐದು ತಿಂಗಳಿಗೆ ಹೆಚ್ಚೆಂದರೆ 450. ಎರಡಕ್ಕೂ ಬಡ್ಡಿ ಬೇರೆ. ಆ ಸಂಜೆ ನಾನು ತುಂಬಿಸಿಟ್ಟ ರಿಟರ್ನ್ ಮೇಜಿನ ಮೇಲೇ ಇತ್ತು, ಸಹಿಯೊಂದೇ ಬಾಕಿ. ಅಕ್ಟೋಬರ್ 15ರವರೆಗೆ ಗಡುವು ಕೇಳುವ ಒಂದು ಪುಟದ ಅರ್ಜಿಯೂ ಇದೆ. ಅದು ಸಲ್ಲಿಸುವುದಕ್ಕೆ ಸಿಗುವ ಗಡುವು, ಕಟ್ಟುವುದಕ್ಕಲ್ಲ. ಆದರೂ ದೊಡ್ಡ ದಂಡ ತಪ್ಪುತ್ತಿತ್ತು. ಅದನ್ನೂ ಕಳಿಸಲಿಲ್ಲ.

ಆಮೇಲೆ ತೆರಿಗೆ ಇಲಾಖೆಯ ಲಕೋಟೆಗಳು ಬರತೊಡಗಿದವು. ಅವನ್ನು ತೆರೆಯದೆ ಫ್ರಿಜ್ ಮೇಲಿದ್ದ ಹಳೆಯ ಪ್ರೆಷರ್ ಕುಕ್ಕರ್ ಪೆಟ್ಟಿಗೆಯಲ್ಲಿ ಹಾಕಿಟ್ಟೆ. 2012ರಲ್ಲಿ ಹೆಂಡತಿ ಆ ಪೆಟ್ಟಿಗೆ ಇಳಿಸಿ, ಒಂದೊಂದನ್ನೇ ಒಡೆದು, ತಾರೀಖಿನ ಪ್ರಕಾರ ನೆಲದ ಮೇಲೆ ಸಾಲಾಗಿ ಹರಡಿದಳು. ಹನ್ನೊಂದು ಇದ್ದವು. ಕೊನೆಯದರಲ್ಲಿ, ನಾನು ಕೊಡದ ಲೆಕ್ಕವನ್ನು ಇಲಾಖೆಯೇ ಬರೆದು ಕಳಿಸಿತ್ತು. ನನಗೆ ಹಣ ಕೊಟ್ಟವರು ಕೊಟ್ಟ ಮಾಹಿತಿಯಿಂದ ಆದಾಯವೆಲ್ಲ ಅದರಲ್ಲಿತ್ತು. ನನ್ನ ವ್ಯವಹಾರದ ಖರ್ಚು ಒಂದೂ ಇರಲಿಲ್ಲ.

ಆ ರಾತ್ರಿ ನೆನಪಾದದ್ದು ಅಂಕೋಲೆ. ಆ ರೈತರು ಕಂದಾಯ ಕೊಡುವುದಿಲ್ಲವೆಂದು ಅಧಿಕಾರಿಯ ಮುಖಕ್ಕೇ ಹೇಳಿ, ಹರಾಜನ್ನು ಕಣ್ಣೆದುರೇ ನೋಡಿದವರು. ನಾನು ಕಾಗದ ಬಚ್ಚಿಟ್ಟವನು. ಅವರ ಹೆಸರನ್ನು ಮನಸ್ಸಿನಲ್ಲಾದರೂ ಬಳಸಿಕೊಂಡೆನಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎಂದು ನಾನು ಹೇಳುವುದು ಆಮೇಲೆ ಓದಿಕೊಂಡದ್ದರಿಂದ. ಅಮೆರಿಕ ತೆರಿಗೆಯನ್ನು ವಿರೋಧಿಸಿ ಹುಟ್ಟಲಿಲ್ಲ. ತಮ್ಮ ಪ್ರತಿನಿಧಿಯಿಲ್ಲದ ಬ್ರಿಟಿಷ್ ಸಂಸತ್ತು ತೆರಿಗೆ ಹಾಕುವುದನ್ನು ವಿರೋಧಿಸಿ ಹುಟ್ಟಿತು. 1773ರ ಚಹಾ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಚಹಾವನ್ನು ಅಗ್ಗ ಮಾಡಿತ್ತು! ಆದರೂ ಆ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ಮುನ್ನೂರಕ್ಕೂ ಹೆಚ್ಚು ಪೆಟ್ಟಿಗೆ ನೀರಿಗೆ ಬಿದ್ದವು. ಸ್ವಾತಂತ್ರ್ಯ ಬಂದ ಮೇಲೆ ತೆರಿಗೆ ಹಾಕುವ ಅಧಿಕಾರವಿಲ್ಲದ ಕೇಂದ್ರ ಸರ್ಕಾರ ರಾಜ್ಯಗಳ ಮುಂದೆ ಕೈಯೊಡ್ಡಬೇಕಾಯಿತು, ಯುದ್ಧದ ಸಾಲ ತೀರಲಿಲ್ಲ. ಹಾಗಾಗಿಯೇ 1787ರ ಸಂವಿಧಾನ ಅಮೆರಿಕದ ಸಂಸತ್ತಿಗೆ ಕೊಟ್ಟ ಅಧಿಕಾರಗಳ ಪಟ್ಟಿಯಲ್ಲಿ ಮೊದಲನೆಯದು ತೆರಿಗೆ ವಿಧಿಸುವುದು. ಆ ಸಾಲ ತೀರಿಸಲು 1791ರಲ್ಲಿ ವಿಸ್ಕಿಗೆ ತೆರಿಗೆ ಹಾಕಿದಾಗ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ದಂಗೆಯೆದ್ದರು. 1794ರಲ್ಲಿ ಸುಮಾರು 13,000 ಜನರ ಪಡೆಯೊಂದಿಗೆ ಹೊರಟದ್ದು ಸ್ವತಃ ಜಾರ್ಜ್ ವಾಷಿಂಗ್ಟನ್.

ಇನ್ನು ‘ಸ್ವಯಂಪ್ರೇರಿತ’ ಎಂಬ ಪದ. ತೆರಿಗೆಯ ಲೆಕ್ಕವನ್ನು ಮೊದಲು ನೀವೇ ಹಾಕಿ ಒಪ್ಪಿಸುತ್ತೀರಿ ಎಂಬುದಷ್ಟೇ ಅದರ ಅರ್ಥ. ಕಟ್ಟುವುದು ನಿಮ್ಮ ಇಷ್ಟ ಎಂದಲ್ಲ. ಈ ವಾದಗಳನ್ನು ನಂಬಿ ತೆರಿಗೆ ನಿಲ್ಲಿಸಿದ ಜಾನ್ ಚೀಕ್ ಎಂಬ ವಿಮಾನ ಚಾಲಕನ ಮೊಕದ್ದಮೆ 1991ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಮರುವಿಚಾರಣೆಯೇನೋ ಸಿಕ್ಕಿತು, ಅದರಲ್ಲೂ ಅವನು ತಪ್ಪಿತಸ್ಥನೆಂದೇ ತೀರ್ಪಾಯಿತು. ಇಂಥ ವಾದ ಬರೆದು ರಿಟರ್ನ್ ಕಳಿಸಿದರೆ ಅದಕ್ಕೇ 5,000 ಡಾಲರ್ ದಂಡವಿದೆ.

ಹಾಗಾದರೆ ಜನ ಏಕೆ ಕಟ್ಟುತ್ತಾರೆ? ಮುಖ್ಯವಾಗಿ, 1943ರಿಂದ ಸಂಬಳದಲ್ಲೇ ಕಡಿತವಾಗುವುದರಿಂದ. ಜೊತೆಗೆ, ಬೇಡವೆನಿಸಿದ ತೆರಿಗೆಯನ್ನು ಮತ ಹಾಕಿ ಬದಲಿಸಬಹುದು ಎಂಬ ನಂಬಿಕೆ ಇನ್ನೂ ಉಳಿದಿರುವುದರಿಂದ. ನನಗೆ ಆ ಮತವೇ ತಡವಾಯಿತು. ಪೌರತ್ವದ ಅರ್ಜಿಯಲ್ಲಿ ತೆರಿಗೆ ಬಾಕಿ ಇದೆಯೇ, ರಿಟರ್ನ್ ಸಲ್ಲಿಸದೆ ಬಿಟ್ಟಿದ್ದೀರಾ ಎಂದು ಕೇಳುತ್ತಾರೆ. ಎಲ್ಲ ತೀರಿಸಿ ಅರ್ಜಿ ಹಾಕಿ ಎಂದರು ವಕೀಲರು. 2012ರಲ್ಲೇ ಅರ್ಹನಾಗಿದ್ದವನು ಪ್ರಮಾಣವಚನ ಸ್ವೀಕರಿಸಿದ್ದು 2015ರಲ್ಲಿ. ನಡುವಿನ ಮೂರು ವರ್ಷ ನಾನು ತೆರಿಗೆ ಕಟ್ಟಿದೆ, ಮತ ಹಾಕಲಿಲ್ಲ.

ನೀವು ನನ್ನಂತೆ ಸ್ವಂತ ದುಡಿಮೆಯಲ್ಲಿದ್ದರೆ, ಬಂದ ಪ್ರತಿ ಚೆಕ್‌ನ ಮೂರನೇ ಒಂದು ಭಾಗವನ್ನು ಅಂದೇ ಬೇರೆ ಖಾತೆಗೆ ಹಾಕಿ. ಗಡುವಿನ ದಿನ ಹಣವಿರಲಿ, ಇಲ್ಲದಿರಲಿ, ರಿಟರ್ನ್ ಸಲ್ಲಿಸಿ. ಐವತ್ತು ಡಾಲರ್ ಇದ್ದರೆ ಅಷ್ಟನ್ನೇ ಕಟ್ಟಿ ಉಳಿದದ್ದಕ್ಕೆ ಕಂತು ಕೇಳಿ. ಮನೆಯಲ್ಲಿ ತೆರೆಯದ ಲಕೋಟೆ ಇದ್ದರೆ ಇವತ್ತು ರಾತ್ರಿಯೇ, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಡೆಯಿರಿ.