ಉಕ್ಕು ಎಂಬ ಹೆಸರು: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ತಮ್ಮ ಪತ್ರ ತಲುಪಿತು. ತರಗತಿಯಲ್ಲಿ ಲೋಹಗಳ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಹಾಲು ಉಕ್ಕುತ್ತದೆ, ಹೊಳೆ ಉಕ್ಕುತ್ತದೆ, ಹಾಗಾದರೆ ಉಕ್ಕು ಯಾವಾಗ ಉಕ್ಕುತ್ತದೆ ಸರ್?” ಎಂದು ಕೇಳಿದಳೆಂದೂ, ಆ ಕ್ಷಣಕ್ಕೆ ತಮಗೆ ಉತ್ತರ ಹೊಳೆಯಲಿಲ್ಲವೆಂದೂ ಬರೆದಿದ್ದೀರಿ. ಇಂಗ್ಲಿಷಿನ ‘ಸ್ಟೀಲ್’ ನಮ್ಮ ‘ಉಕ್ಕು’ ಪದದಿಂದಲೇ ಹುಟ್ಟಿತೆಂದು ಭಾಷಣವೊಂದರಲ್ಲಿ ಕೇಳಿದ್ದು ನಿಜವೇ ಎಂದು ವಿಚಾರಿಸಿದ್ದೀರಿ. ಕೊನೆಯಲ್ಲಿ, ಕಳೆದ ಸಂಚಿಕೆಯ ಚಿತ್ರವೊಂದರ ಕೆಳಗೆ ನಾವು ‘ಕಬ್ಬಿಣದ ಸೇತುವೆ’ ಎಂದು ಅಚ್ಚು ಹಾಕಿದ್ದನ್ನು ಆಕ್ಷೇಪಿಸಿದ್ದೀರಿ. ಆ ಹುಡುಗಿಯ ಪ್ರಶ್ನೆಯಂಥ ಪ್ರಶ್ನೆಗಳು ಈ ಅಂಕಣಕ್ಕೆ ಬರುವುದು ಅಪರೂಪ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಮೊದಲು ಭಾಷಣದ ಮಾತು. ಅದು ನಿಜವಲ್ಲ. ‘ಸ್ಟೀಲ್’ ಜರ್ಮಾನಿಕ್ ಬಳಗದ ಪದ. ಜರ್ಮನ್ ಭಾಷೆಯ ‘ಷ್ಟಾಲ್’, ಡಚ್ಚಿನ ‘ಸ್ಟಾಲ್’ ಅದರ ಒಡಹುಟ್ಟುಗಳು. ಇವುಗಳ ಮೂಲಧಾತುವಿಗೆ ಅಲುಗದೆ ನಿಲ್ಲು, ಬಿಗಿಯಾಗಿರು ಎಂಬ ಅರ್ಥವಿದೆಯೆಂದು ಭಾಷಾವಿದ್ವಾಂಸರು ಹೇಳುತ್ತಾರೆ. ಇಂಗ್ಲಿಷರು ನಮ್ಮ ಕಡೆ ಹಡಗು ಹತ್ತಿ ಬರುವುದಕ್ಕೆ ಎಷ್ಟೋ ಶತಮಾನಗಳ ಮುಂಚೆಯೇ, ಹಳೆಯ ಇಂಗ್ಲಿಷಿನ ಬರಹಗಳಲ್ಲಿ ಈ ಪದವಿತ್ತು. ಕದಿಯುವುದೆಂಬ ಅರ್ಥದ ಇಂಗ್ಲಿಷ್ ‘ಸ್ಟೀಲ್’ ಉಚ್ಚಾರದಲ್ಲಿ ಇದೇ ಆದರೂ ಹುಟ್ಟಿನಲ್ಲಿ ಬೇರೆ.

ಒಂದೇ ಲೋಹವನ್ನು ಬೇರೆ ಬೇರೆ ಜನ ಯಾವ ಗುಣ ನೋಡಿ ಹೆಸರಿಟ್ಟು ಕರೆದರು ಎಂಬುದು ನನಗೆ ಎಂದೂ ಬೇಸರ ತರಿಸದ ವಿಷಯ. ಬಗ್ಗದೆ ನಿಲ್ಲುವ ಗುಣ ಜರ್ಮಾನಿಕ್ ಜನರಿಗೆ ಮುಖ್ಯವಾಯಿತು. ಫ್ರೆಂಚರ ‘ಅಸಿಯೇ’, ಇಟಲಿಯವರ ‘ಅಚ್ಚಾಯೊ’, ಸ್ಪೇನಿನವರ ‘ಅಸೆರೊ’ ಈ ಮೂರೂ ಲ್ಯಾಟಿನ್ನಿನ ‘ಆಕಿಯೆಸ್’, ಅಂದರೆ ಅಲಗು ಎಂಬ ಪದದಿಂದ ಬಂದವು. ಅವರ ಕಣ್ಣಿಗೆ ಬಿದ್ದದ್ದು ಹರಿತ. ಸಂಸ್ಕೃತದವರ ದೃಷ್ಟಿಯೂ ಅದೇ. ನಮ್ಮ ರಸಶಾಸ್ತ್ರದ ಗ್ರಂಥಗಳು ಕಬ್ಬಿಣವನ್ನು ಮುಂಡ, ತೀಕ್ಷ್ಣ, ಕಾಂತ ಎಂದು ವಿಂಗಡಿಸುವಾಗ ಉಕ್ಕಿನ ಜಾತಿಯದನ್ನು ‘ತೀಕ್ಷ್ಣ’ವೆಂದೇ ಕರೆಯುತ್ತವೆ. ಗ್ರೀಕರು ಮಾತ್ರ ಗುಣವನ್ನು ನೋಡದೆ ಕಸುಬುದಾರರನ್ನು ನೋಡಿದರು: ಕಪ್ಪು ಸಮುದ್ರದ ದಕ್ಷಿಣ ದಡದಲ್ಲಿ ಕಬ್ಬಿಣದ ಕೆಲಸಕ್ಕೆ ಹೆಸರಾಗಿದ್ದ ಖಾಲಿಬೆಸ್ ಎಂಬ ಜನರಿಂದ ಅವರ ‘ಖಾಲಿಪ್ಸ್’ ಬಂತು. ಪರ್ಷಿಯದ ‘ಪೂಲಾದ್’ ಹಿಂದಿಯಲ್ಲಿ ಫೌಲಾದ್ ಆಗಿ, ಮರಾಠಿಯಲ್ಲಿ ಪೋಲಾದ್ ಆಗಿ, ರಷ್ಯದವರ ಬಾಯಲ್ಲಿ ಬುಲಾತ್ ಆಗಿ ದೂರದೂರ ನಡೆದಿದೆ.

ಈಗ ನಮ್ಮ ಪದ. ‘ಉಕ್ಕು’ ಪದದ ಹಳಗನ್ನಡ ರೂಪ ‘ಉರ್ಕು’. ಸೊರ್ಕು ಸೊಕ್ಕಾದಂತೆ, ಮರ್ದು ಮದ್ದಾದಂತೆ, ಕರ್ಚು ಕಚ್ಚಾದಂತೆ, ಉರ್ಕು ಕೂಡ ರೇಫ ಕಳೆದುಕೊಂಡು ಉಕ್ಕಾಯಿತು. ತೊಡಕೇನೆಂದರೆ, ಮೇಲೆದ್ದು ಹೊರಚೆಲ್ಲುವ ಅರ್ಥದ ‘ಉಕ್ಕು’ ಎಂಬ ಕ್ರಿಯಾಪದಕ್ಕೂ ಹಳಗನ್ನಡದಲ್ಲಿ ‘ಉರ್ಕು’ ಎಂಬುದೇ ರೂಪ. ಕನ್ನಡದ ಅಂಗಳದಲ್ಲಷ್ಟೇ ನಿಂತು ನೋಡಿದರೆ ಎರಡೂ ಒಂದೇ ಎನಿಸುವುದು ಸಹಜ. ತಮ್ಮ ವಿದ್ಯಾರ್ಥಿನಿಗೆ ಅನಿಸಿದ್ದೂ ಅದೇ. ಆದರೆ ನೆರೆಮನೆಗಳಿಗೆ ಹೋಗಿ ಕೇಳಿದರೆ ಚಿತ್ರ ಬದಲಾಗುತ್ತದೆ. ತೆಲುಗಿನವರು ಲೋಹಕ್ಕೆ ‘ಉಕ್ಕು’ ಎನ್ನುತ್ತಾರೆ, ಆದರೆ ಹಾಲು ಅವರಲ್ಲಿ ಉಕ್ಕುವುದಿಲ್ಲ, ‘ಪೊಂಗು’ತ್ತದೆ. ತಮಿಳಿನಲ್ಲಿ ‘ಉರುಗು’ ಎಂದರೆ ಕರಗು, ‘ಉರುಕ್ಕು’ ಎಂದರೆ ಕರಗಿಸು. ಮಲಯಾಳದಲ್ಲಿ ‘ಉರುಕ್ಕ್’ ಎಂದರೆ ಉಕ್ಕೇ. ದ್ರಾವಿಡ ಭಾಷೆಗಳ ನಿರುಕ್ತ ಕೋಶವನ್ನು ಸಿದ್ಧಪಡಿಸಿದ ಬರೋ ಮತ್ತು ಎಮೆನೊ ಅವರೂ ನಮ್ಮ ಲೋಹದ ಉಕ್ಕನ್ನು ಕರಗುವಿಕೆಯ ಈ ಪದಗಳ ಜೊತೆಯಲ್ಲೇ ಇಟ್ಟಿದ್ದಾರೆ. ಅಂದಮೇಲೆ ಉಕ್ಕು ಎಂದರೆ ಕರಗಿಸಿ ತೆಗೆದದ್ದು.

ಈ ಅರ್ಥವನ್ನು ಹಗುರಾಗಿ ಕಾಣುವಂತಿಲ್ಲ. ಶುದ್ಧ ಕಬ್ಬಿಣ ಕರಗಲು ಸುಮಾರು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಳೆಯ ಕಾಲದ ಒಲೆಗಳಲ್ಲಿ ಅದಿರಿನಿಂದ ಬೇರ್ಪಟ್ಟ ಕಬ್ಬಿಣ ನೀರಾಗುತ್ತಿರಲಿಲ್ಲ. ಮೆತ್ತಗಿನ ಮುದ್ದೆಯಾಗಿ ಬರುತ್ತಿತ್ತು, ಅದನ್ನು ಬಡಿದು ಕಿಟ್ಟ ಹೊರಡಿಸುತ್ತಿದ್ದರು. ಯುರೋಪಿನಲ್ಲಿ ಬಹುಕಾಲ ಮೆದು ಕಬ್ಬಿಣದ ಪಟ್ಟಿಗಳನ್ನು ಇದ್ದಿಲಿನ ನಡುವೆ ಹುಗಿದು ದಿನಗಟ್ಟಲೆ ಕಾಯಿಸಿ, ಕರಗಿಸದೆಯೇ, ಇಂಗಾಲವನ್ನು ಮೈಗೆ ಇಳಿಸಿ ಉಕ್ಕು ಮಾಡುತ್ತಿದ್ದರು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಮಣ್ಣಿನ ಪಾತ್ರೆಯಲ್ಲಿ, ಉಕ್ಕನ್ನು ಕರಗಿಸುವ ವಿಧಾನ ಕಂಡುಕೊಂಡದ್ದು 1740ರ ದಶಕದಲ್ಲಿ. ದಕ್ಷಿಣ ಭಾರತದ ಕುಲುಮೆಗಳಲ್ಲಿ ಅದಕ್ಕೆ ಎಷ್ಟೋ ಮುಂಚಿನಿಂದ ಮೂಸೆಯ ಉಕ್ಕು ತಯಾರಾಗುತ್ತಿತ್ತು, ಆ ಕೆಲಸದ ಮುಖ್ಯ ಗುಟ್ಟು ಹೆಸರಿನಲ್ಲೇ ಕೂತಿತ್ತು. ಕಬ್ಬಿಣವನ್ನು ನಮ್ಮವರು ಬಣ್ಣ ನೋಡಿ ಕರೆದರು, ಕರಿಯ ಹೊನ್ನು ‘ಕರ್ಬೊನ್’ ಎಂದು. ಉಕ್ಕನ್ನು ಕೆಲಸ ನೋಡಿ ಕರೆದರು.

ಆ ಕೆಲಸವನ್ನು ಹತ್ತಿರದಿಂದ ನೋಡಿ ಬರೆದಿಟ್ಟವರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಒಬ್ಬ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಾಡಿದ ಆತ, ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡೊಂದನ್ನು ಇಟ್ಟು, ಜೊತೆಗೆ ಮೂರು ರೂಪಾಯಿ ನಾಣ್ಯಗಳ ತೂಕದ ತಂಗಡಿ ಗಿಡದ ಕಡ್ಡಿಯನ್ನೂ ಬಳ್ಳಿಯೊಂದರ ಎರಡು ಹಸಿ ಎಲೆಗಳನ್ನೂ ಹಾಕುತ್ತಿದ್ದರೆಂದು ದಾಖಲಿಸಿದ್ದಾನೆ. ಮೂಸೆಯ ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಇದ್ದಿಲಿನ ಬೆಂಕಿಗೆ ತಿದಿ ಒತ್ತಿದಾಗ ಕಡ್ಡಿ ಎಲೆಗಳು ಒಳಗೇ ಕರಿಕಾಗಿ, ಅವುಗಳ ಇಂಗಾಲ ಕಬ್ಬಿಣಕ್ಕೆ ಸೇರುತ್ತದೆ. ಇಂಗಾಲ ಸೇರಿದಷ್ಟೂ ಕಬ್ಬಿಣ ಕಡಿಮೆ ಶಾಖಕ್ಕೇ ಕರಗುತ್ತದೆ. ತಣಿದ ಮೇಲೆ ಮೂಸೆಯನ್ನು ಒಡೆದರೆ ಅದರ ತಳದ ಆಕಾರವನ್ನೇ ತಳೆದ ಉಕ್ಕಿನ ಗಟ್ಟಿ ಸಿಗುತ್ತದೆ. ಎರಡು ಹಸಿ ಎಲೆ ಎಂಬ ಆ ಲೆಕ್ಕವನ್ನು ಓದುವಾಗಲೆಲ್ಲ, ರಸಾಯನಶಾಸ್ತ್ರದ ಪುಸ್ತಕ ಕಾಣದೆಯೇ ಹದ ಕಂಡುಕೊಂಡ ಆ ಕೈಗಳ ಬಗ್ಗೆ ನನಗೆ ಗೌರವ ಉಂಟಾಗುತ್ತದೆ. ತಮ್ಮ ವಿದ್ಯಾರ್ಥಿನಿಗೆ ಇದನ್ನೇ ಹೇಳಬಹುದು: ಮುಚ್ಚಿದ ಮೂಸೆಯಲ್ಲಿ ಉಕ್ಕು ಉಕ್ಕಿ ಚೆಲ್ಲುವುದಿಲ್ಲ, ಸದ್ದಿಲ್ಲದೆ ಕರಗುತ್ತದೆ.

ಭಾಷಣಕಾರರು ಹೇಳಿದ್ದು ಪೂರ್ತಿ ನಿರಾಧಾರವೂ ಅಲ್ಲ. ಅವರು ಪದವನ್ನು ಅದಲುಬದಲು ಮಾಡಿಕೊಂಡಿರಬೇಕು. ಇಂಗ್ಲಿಷಿಗೆ ಹೋದ ಕನ್ನಡ ಪದ, ಈ ಮೂಸೆಯ ಉಕ್ಕಿಗೆ ಅಲ್ಲಿ ಹೆಸರಾಗಿ ನಿಂತ ‘ವುಟ್ಸ್’. 1794ರಲ್ಲಿ ಹೆಲೆನಸ್ ಸ್ಕಾಟ್ ಎಂಬ ವೈದ್ಯರು ಈ ಉಕ್ಕಿನ ಮಾದರಿಗಳನ್ನು ಮುಂಬೈಯಿಂದ ಲಂಡನ್ನಿಗೆ, ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಕಳುಹಿಸಿದರು. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಬರೆದಾಗ ಶೀರ್ಷಿಕೆಯಲ್ಲೇ ಈ ಹೆಸರಿತ್ತು. ಭಾರತದಲ್ಲಿದ್ದ ಇಂಗ್ಲಿಷರ ಮಾತಿನ ಪದಗಳನ್ನು ಕೂಡಿಸಿ 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಕೋಶ, ಕನ್ನಡದ ‘ಉಕ್ಕು’ ಪದವನ್ನು ಸೂಚಿಸುವ ‘ವೂಕ್’ ಎಂಬ ಬರಹವನ್ನು ಯಾರೋ ತಪ್ಪಾಗಿ ಓದಿದ್ದರಿಂದ ಈ ರೂಪ ಹುಟ್ಟಿರಬಹುದೆಂದು ಹೇಳಿತು. ಸಂಸ್ಕೃತದ ‘ಉಚ್ಚ’ದಿಂದ ಬಂತೆಂಬ ವಾದವೂ ಇದೆ, ಅದು ನನಗೆ ಒಪ್ಪಿಗೆಯಾಗಿಲ್ಲ. ಮೊದಲಿನ ವಕಾರ ಎಲ್ಲಿಂದ ಬಂತೆಂದು ಕೇಳುವವರು ಕನ್ನಡಿಗರ ಬಾಯನ್ನು ಗಮನಿಸಲಿ: ನಾವು ‘ಊರು’ ಎಂದು ಬರೆದು ‘ವೂರು’ ಎನ್ನುವವರು, ‘ಉಕ್ಕು’ ಎಂದು ಬರೆದು ‘ವುಕ್ಕು’ ಎನ್ನುವವರು. ಮುಂದೆ ಮೈಕಲ್ ಫ್ಯಾರಡೆಯಂಥ ವಿಜ್ಞಾನಿ ಈ ವುಟ್ಸಿನ ಗುಟ್ಟು ಹುಡುಕಿ ಪ್ರಯೋಗಗಳನ್ನು ಮಾಡಿದರು.

ಇಂದಿನ ಬಳಕೆಯ ಬಗ್ಗೆ ಎರಡು ಮಾತು. ಕನ್ನಡದಲ್ಲಿ ‘ಸ್ಟೀಲ್’ ಮತ್ತು ‘ಉಕ್ಕು’ ಈಗ ಕೆಲಸ ಹಂಚಿಕೊಂಡಿವೆ. ಸ್ಟೀಲ್ ಲೋಟ ಎಂದಾಗ ನಮ್ಮ ಮನಸ್ಸಿನಲ್ಲಿರುವುದು ಕ್ರೋಮಿಯಂ ಬೆರೆತ, ತುಕ್ಕು ಹಿಡಿಯದ ಉಕ್ಕು ಮಾತ್ರ. ಉಕ್ಕಿನ ಲೋಟ ಎಂದು ಯಾರೂ ಅನ್ನುವುದಿಲ್ಲ, ಸ್ಟೀಲ್ ಸಂಕಲ್ಪ ಎಂದೂ ಅನ್ನುವುದಿಲ್ಲ. ದೃಢತೆಯ ಅರ್ಥವೆಲ್ಲ ಉಕ್ಕಿನ ಪಾಲಿಗೇ ಬಂದಿದೆ. ಇಂಗ್ಲಿಷಿನವರು ಸರ್ದಾರ್ ಪಟೇಲರನ್ನು ಕಬ್ಬಿಣದ ಮನುಷ್ಯ ಎಂದರೆ ಕನ್ನಡಿಗರು ‘ಉಕ್ಕಿನ ಮನುಷ್ಯ’ ಎಂದೇ ಕರೆದರು. ನಮ್ಮ ಆಯ್ಕೆ ಮೇಲೆಂದು ನಾನು ನಂಬುತ್ತೇನೆ, ಏಕೆಂದರೆ ಮೆದು ಕಬ್ಬಿಣ ಬಡಿದಂತೆ ಬಾಗುತ್ತದೆ.

ಇನ್ನು ಸೇತುವೆಯ ವಿಚಾರ. ಕಟ್ಟಡದ ಕೆಲಸದವರು ಉಕ್ಕಿನ ಸರಳನ್ನೂ ‘ಕಬ್ಬಿಣ’ ಎಂದೇ ಕರೆಯುತ್ತಾರೆ, ಆಡುಮಾತಿನಲ್ಲಿ ಅದು ತಪ್ಪಲ್ಲ. ಆದರೆ ಲೋಹದ ಗುಣವೇ ವಿಷಯವಾಗಿದ್ದ ಆ ಲೇಖನದಲ್ಲಿ ನಾವು ಬರೆದದ್ದು ತಪ್ಪೇ. ಇಂಗಾಲ ತೀರ ಕಡಿಮೆಯಾದರೆ ಮೆದು ಕಬ್ಬಿಣ, ನೂರಕ್ಕೆ ಎರಡು ಭಾಗ ಮೀರಿದರೆ ಬೀಡು ಕಬ್ಬಿಣ, ನಡುವಿನದು ಉಕ್ಕು ಎಂದು ಲೇಖನದಲ್ಲೇ ವಿವರಿಸಿ, ಚಿತ್ರದ ಕೆಳಗೆ ಅದನ್ನು ಮರೆತದ್ದು ನಮ್ಮ ಅಜಾಗರೂಕತೆ. ಆ ಸೇತುವೆ ಉಕ್ಕಿನದು. ತಿದ್ದುಪಡಿಯನ್ನು ಈ ಸಂಚಿಕೆಯ ಎರಡನೆಯ ಪುಟದಲ್ಲಿ ಪ್ರಕಟಿಸಿದ್ದೇವೆ.

ಸಂಪಾದಕ