ಉತ್ತರ ಬರೆಯದ ಪತ್ರ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಬೆಳಗಾವಿ ಜಿಲ್ಲೆಯ ನಿವೃತ್ತ ಹವಾಲ್ದಾರರು. ವಯಸ್ಸು 54. ನನ್ನ ಬಳಿ ಆಪ್ತಸಮಾಲೋಚನೆಗೆ ಕರೆತಂದವರು ಹೆಂಡತಿ. "ಜುಲೈ ಬಂತಂದ್ರ ಮಲಗೂದಿಲ್ರೀ ಮೇಡಂ. ರಾತ್ರಿಯೆಲ್ಲಾ ಅಂಗಳದಾಗ ಅಡ್ಡಾಡ್ತಾರ. ಕುಡಿಯೂದೂ ಜಾಸ್ತಿ ಆಗೇತಿ."

ಮೂವರು ಅಣ್ಣತಮ್ಮಂದಿರು, ಮೂವರೂ ಫೌಜಿಗಳು. ನಮ್ಮ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. 1999ರ ಕಾರ್ಗಿಲ್ ಯುದ್ಧದಲ್ಲಿ ಇವರು ದ್ರಾಸ್ ಹತ್ತಿರ ಬೋಫೋರ್ಸ್ ತೋಪಿನ ಮೇಲಿದ್ದರು. ನಡುವಿನ ತಮ್ಮ ಪದಾತಿದಳದವನು, ಅದೇ ಗುಡ್ಡಗಳನ್ನು ಹತ್ತುತ್ತಿದ್ದ. ಕೊನೆಯವನು ಬೇರೆ ಗಡಿಯಲ್ಲಿ. ಜುಲೈನಲ್ಲಿ ನಡುವಿನವನು ತೀರಿಕೊಂಡ.

ಎರಡನೇ ಭೇಟಿಗೆ ಒಂದು ಇನ್‌ಲ್ಯಾಂಡ್ ಪತ್ರ ತಂದಿದ್ದರು. ಮಡಿಕೆಯಲ್ಲೇ ಹರಿದಿತ್ತು, ಹಿಂದೆ ಟೇಪ್ ಅಂಟಿಸಿದ್ದರು. ತಮ್ಮ ಬರೆದದ್ದು: "ಅಣ್ಣಾ, ನಿಮ್ಮ ತೋಪಿನ ಸಪ್ಪಳ ಕೇಳಿದ್ರ ಧೈರ್ಯ ಬರತೈತಿ." ಸಾವಿನ ಸುದ್ದಿ ಬಂದ ಮೇಲೆ ಆ ಪತ್ರ ಕೈಸೇರಿತ್ತು.

"ಅವ್ವ ಅವನ ಕೈ ನನ್ನ ಕೈಯಾಗ ಕೊಟ್ಟು ಕಳಿಸಿದ್ಲರೀ. ನಾ ಒಬ್ಬನ ತಿರುಗಿ ಬಂದೆ."

ನಿಮ್ಮ ತಪ್ಪಲ್ಲ ಅಂತ ಊರೆಲ್ಲ ಹೇಳಿದೆ. ಅದನ್ನೇ ನಾನೂ ಹೇಳಿದರೆ ಇವರು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅದಕ್ಕೇ ತೋಪಿನ ಕೆಲಸ ಹೇಗೆ ಅಂತ ಕೇಳಿದೆ. ಗುರಿ ಯಾರು ಕೊಡ್ತಾರೆ?

"ಮುಂದ ಕೂತು ಗುರಿ ನೋಡೋ ಓಪಿ ಸಾಹೇಬ್ರು ವಯರ್‌ಲೆಸ್‌ನ್ಯಾಗ ಹೇಳ್ತಾರ್ರೀ. ನಮಗ ಗುಡ್ಡದ ಮ್ಯಾಲೆ ಯಾರದಾರ ಕಾಣೂದಿಲ್ಲ." ತುಂಬಾ ಹೊತ್ತು ಸುಮ್ನೆ ಕೂತರು. ಆಮೇಲೆ, "ಅವನ ಪಲ್ಟನ್ ಎಲ್ಲಿಗೆ ಹೋಗಬೇಕನ್ನೂದು ನನ್ನ ಕೈಯಾಗ ಇರಲಿಲ್ಲ ಬಿಡ್ರಿ." ಆ ಮಾತು ಅವರ ಬಾಯಿಂದಲೇ ಬರಬೇಕಿತ್ತು.

ನಾನು ಕೊಟ್ಟ ಸಲಹೆ ಇಷ್ಟು. ಆ ಪತ್ರಕ್ಕೆ ಈಗ ಉತ್ತರ ಬರೆಯಿರಿ. ಬರೆದು, ಕೊನೆಯ ತಮ್ಮನ ಎದುರು ಓದಿ. ಇಬ್ಬರೂ ದಿನಾ ಸಂಜೆ ಒಂದೇ ಕಟ್ಟೆಯ ಮೇಲೆ ಕೂರುತ್ತಾರೆ, ಸತ್ತವನ ಹೆಸರು ಮಾತ್ರ ಎತ್ತುವುದಿಲ್ಲ. ಆ ಕೊನೆಯವನಿಗೂ ದುಃಖ ಇದೆ, ಅಲ್ವಾ? ನಿದ್ದೆಗೂ ಕುಡಿತಕ್ಕೂ ಮಾತು ಸಾಲದು, ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸಿದೆ. ಕುಡಿತವನ್ನು ಒಮ್ಮೆಲೇ ನಿಲ್ಲಿಸಬೇಡಿ, ವೈದ್ಯರು ಹೇಳಿದ ಹಾಗೆ ಇಳಿಸಿ ಅಂದೆ. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಲು ಹೇಳಿದೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ.

ಹೆಂಡತಿಗೆ ಹೇಳಿದ್ದು: "ಆಗಿದ್ದು ಆಗಿ ಹೋತು" ಅನ್ನಬೇಡಿ. ಎದ್ದಾಗ ಜೊತೆಗೆ ಕೂತಿರಿ. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಶಾಲೆಯವರು ಶಾಲು ಹೊದಿಸಲು ಕರೆದರೆ, ಹೋಗುವುದು ಬಿಡುವುದು ಅವರ ಇಷ್ಟಕ್ಕೆ ಬಿಡಿ.

ಪತ್ರ ಅರ್ಧ ಬರೆದಿದ್ದಾರೆ. ಕುಡಿತ ಪೂರ್ತಿ ನಿಂತಿಲ್ಲ. ಮುಂದಿನ ಸೋಮವಾರ ತಮ್ಮನೂ ಜೊತೆಗೆ ಬರುತ್ತಾನಂತೆ.